ಬಲಮೂಲೆಯ ಕೆಂಪು

ನನ್ನ ಹತ್ತಿರ ಹಕ್ಕಿ, ಹೂವು, ಕೆರೆ, ಬೆಟ್ಟಗಳ ಫೋಟೋ ತೆಗೆಯುವುದನ್ನು ಕಲಿಯಲು ಬರುವವರಿಗೆ ನಾಲ್ಕು ಮಾತನ್ನು ಸಲೀಸಾಗಿ ಹೇಳುತ್ತೇನೆ. ಐದನೆಯ ಮಾತಿಗೆ ಬರುವಷ್ಟರಲ್ಲಿ ಗಂಟಲು ಒಣಗುತ್ತದೆ. ಒಂದು ಲೋಟ ನೀರು ಕುಡಿದು ಮುಂದುವರಿಸುತ್ತೇನೆ. ಭಾನುವಾರಗಳಲ್ಲಿ ಬರುವವರು ಹೆಚ್ಚೇನಿಲ್ಲ. ಹಾಸನದಿಂದ ಗಂಡ ಹೆಂಡತಿ, ಚನ್ನರಾಯಪಟ್ಟಣದಿಂದ ಒಬ್ಬ ಮೇಷ್ಟ್ರು, ಅರಕಲಗೂಡಿನಿಂದ ಔಷಧಿ ಅಂಗಡಿಯವರು. ಹೇಳಿದ್ದನ್ನೆಲ್ಲ ಶಾಲೆ ಮಕ್ಕಳ ಹಾಗೆ ಬರೆದುಕೊಳ್ಳುತ್ತಾರೆ. ನಾನು ನೀರು ಕುಡಿಯುವುದನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ನಾಮಕರಣ, ಮದುವೆ, ಗೃಹಪ್ರವೇಶ, ಆಮೇಲೆ ಗೋಡೆಗೆ ತೂಗುಹಾಕಿ ಹಾರ ಹಾಕುವ ದೊಡ್ಡ ಫೋಟೋ, ಹೀಗೆ ಹುಟ್ಟಿನಿಂದ ತಿಥಿಯವರೆಗೆ ಊರಿನವರ ಮುಖಗಳೆಲ್ಲ ನನ್ನ ಕೈಯಲ್ಲಿ ಹಾದುಹೋಗುತ್ತವೆ. ಕೊರೊನಾ ಬಂದು ಮದುವೆಗಳು ನಿಂತಾಗ ಕೆಲಸವಿಲ್ಲದೆ ತಾರಸಿ ಹತ್ತಿ ಕೂತೆ. ಧಾರೆಯ ಹೊತ್ತಿನಲ್ಲಿ ಮೂಲೆಯಲ್ಲಿ ನಿಂತು ಅಳುವ ತಾಯಂದಿರನ್ನು ದೂರದಿಂದ ಹಿಡಿಯಲೆಂದು ಕೊಂಡಿದ್ದ ಉದ್ದನೆಯ ಲೆನ್ಸೊಂದಿತ್ತು. ಅದನ್ನು ಎದುರು ಮನೆಯ ತೆಂಗಿನ ಗರಿಯ ಮೇಲೆ ಕೂತ ಗೊರವಂಕದ ಕಡೆಗೆ ತಿರುಗಿಸಿದೆ. ಅಲ್ಲಿಂದ ಶುರುವಾದ ಹುಚ್ಚು ಇದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಪುಕ್ಕಲ. ಹಗ್ಗ ಕಂಡರೆ ಹಾವು ಅನ್ನುವ ಜಾತಿ. ಹಾವು, ನಾಯಿ, ಗುಡುಗು, ಎಲ್ಲಕ್ಕಿಂತ ಹೆಚ್ಚಾಗಿ ನೀರು. ಹೇಮಾವತಿಯ ದಂಡೆಯ ಊರಿನಲ್ಲಿ ಹುಟ್ಟಿಯೂ ಈಜು ಬಾರದ ಗಂಡಸು ನಾನೊಬ್ಬನೇ ಇರಬೇಕು. ಚಿಕ್ಕವನಿದ್ದಾಗ ಹೊಳೆಗೆ ಹೋದರೆ ಅಕ್ಕನ ಸೀರೆಯ ಸೆರಗು ಹಿಡಿದುಕೊಂಡು ಮೊಣಕಾಲಿನವರೆಗೆ ಇಳಿಯುತ್ತಿದ್ದೆ, ಅದಕ್ಕಿಂತ ಒಂದು ಗೇಣು ಮುಂದೆ ಹೋದವನಲ್ಲ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಗದ್ದೆ ಕೆಲಸಕ್ಕೆ ಹೋಗುತ್ತಿದ್ದಳು, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳು ಅಕ್ಕನೇ. ಅವಳಿಗೆ ಭಯ ಅನ್ನುವುದು ಏನೆಂದು ಗೊತ್ತಿಲ್ಲ ಎಂದೇ ನಾನು ಐವತ್ತು ವರ್ಷ ನಂಬಿದ್ದೆ.

ಇಂಥ ಪುಕ್ಕಲನಿಗೆ ಯಾಕೆ ಬೇಕಿತ್ತು ಬಯಲು ಸುತ್ತುವ ಚಟ ಎಂದು ಹೆಂಡತಿ ಕೇಳುತ್ತಾಳೆ. ಅದಕ್ಕೆ ಉತ್ತರವಿದೆ, ಆದರೆ ಅವಳಿಗೆ ಹೇಳಿಲ್ಲ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ನನಗೆ ಹೆದರಿಕೆ ಹೋಗುತ್ತದೆ. ಆ ಚಿಕ್ಕ ಚೌಕದ ಒಳಗೆ ಏನಿದೆಯೋ ಅಷ್ಟೇ ಲೋಕ. ಅರಕಲಗೂಡಿನ ಕಡೆ ಒಮ್ಮೆ ಶುಂಠಿ ಹೊಲದ ಬದುವಿನಲ್ಲಿ ನಿಂತು, ಆಚೆ ದಿಣ್ಣೆಯ ಮೇಲೆ ನಿಂತ ಒಂಟಿ ಸಲಗದ ಫೋಟೋ ತೆಗೆಯುತ್ತಿದ್ದೆ. ಕಿಂಡಿಯಲ್ಲಿ ಅದರ ಕಿವಿ, ಹಣೆಯ ಮಣ್ಣು ಎಲ್ಲ ಚೆಂದ ಕಾಣುತ್ತಿತ್ತು. ಹೊಲದವನು ಹಿಂದಿನಿಂದ ಶರ್ಟಿನ ಕಾಲರ್ ಹಿಡಿದು ಎಳೆದ.

"ಸಾ, ನೋಡ್ರಿ ಸಾ! ಅದು ಅಲ್ಲಿಲ್ಲ, ಇಳ್ದು ಬತ್ತಾ ಅದೆ!"

ತಲೆ ಎತ್ತಿ ನೋಡಿದರೆ ಆನೆ ದಿಣ್ಣೆ ಇಳಿದು ಹೊಲದ ಅಂಚಿಗೇ ಬಂದಿತ್ತು. ಲೆನ್ಸಿನಲ್ಲಿ ಅದು ದೊಡ್ಡದಾಗುತ್ತಿದ್ದದ್ದು ನನಗೆ ಕಂಡಿರಲಿಲ್ಲವೆಂದಲ್ಲ. ಕಂಡಿತ್ತು. ಫೋಟೋ ಚೆನ್ನಾಗಿ ಬರುತ್ತಿದೆ ಎಂದುಕೊಂಡಿದ್ದೆ. ಆವತ್ತು ಓಡಿದ ಓಟಕ್ಕೆ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಅಷ್ಟಾದರೂ ಬುದ್ಧಿ ಬರಲಿಲ್ಲ.

ಇನ್ನು ನಿಯಮಗಳ ವಿಷಯ. ಮೊದಲನೆಯದು ಬೆಳಕು. ಬೆಳಿಗ್ಗೆ ಒಂಬತ್ತರ ಒಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ನಡುಮಧ್ಯಾಹ್ನದ ಬಿಸಿಲು ಮದುಮಗಳಿಗೂ ಒಳ್ಳೆಯದು ಮಾಡುವುದಿಲ್ಲ, ಕೊಕ್ಕರೆಗೂ ಮಾಡುವುದಿಲ್ಲ. ಎರಡನೆಯದು, ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿ. ನಿಂತುಕೊಂಡು ತೆಗೆದರೆ ನೆಲದ ಹಕ್ಕಿ ಮೇಲಿನಿಂದ ನೋಡಿದ ಹಾಗೆ ಕಾಣುತ್ತದೆ. ಮಲಗಿ ತೆಗೆದರೆ ಅದು ನಮ್ಮನ್ನು ನೋಡಿದ ಹಾಗೆ. ಬೂವನಹಳ್ಳಿಯ ಹತ್ತಿರದ ಬಯಲಿನಲ್ಲಿ ಟಿಟ್ಟಿಭದ ಫೋಟೋಕ್ಕಾಗಿ ಅಂಗಾತ ಬಿದ್ದುಕೊಂಡಾಗ ಹುಲ್ಲಿನಲ್ಲಿ ಏನೋ ಸರಿದು ನನ್ನ ಪ್ಯಾಂಟಿನ ಪಕ್ಕದಲ್ಲೇ ಹೋಯಿತು. ಏನದು ಎಂದು ನಾನು ನೋಡಲಿಲ್ಲ, ಈಗಲೂ ಯೋಚಿಸಲು ಇಷ್ಟವಿಲ್ಲ. ಅಂಗಾತ ಅಂದೆನಲ್ಲ, ತಪ್ಪು, ಬೋರಲು. ಆ ದಿನವನ್ನು ನೆನೆದರೆ ಇಂದಿಗೂ ಬೆನ್ನು ಯಾವುದು ಹೊಟ್ಟೆ ಯಾವುದು ಗೊತ್ತಾಗುವುದಿಲ್ಲ.

ಮೂರನೆಯದು ಕಾಯುವುದು. ಸದ್ದು ಮಾಡದೆ, ಅಲುಗಾಡದೆ, ಫೋನಿನ ಬಾಯಿ ಮುಚ್ಚಿ ಬ್ಯಾಗಿನೊಳಗೆ ಹಾಕಿ ಕಾಯುವುದು. ಚನ್ನರಾಯಪಟ್ಟಣದ ಕಡೆಯ ಕೆರೆಯೊಂದರ ಏರಿಯ ಮೇಲೆ ಮೂರು ಬೆಳಗು ಕೂತ ಮೇಲೆ ಮಿಂಚುಳ್ಳಿಯೊಂದು ನನ್ನನ್ನು ಕಲ್ಲೆಂದು ತಿಳಿದು ಪಕ್ಕದ ಕಡ್ಡಿಗೆ ಬಂದು ಕೂತಿತ್ತು. ನಾಲ್ಕನೆಯದು ಹಿನ್ನೆಲೆ. ಇದು ಮದುವೆಮನೆಯಲ್ಲೇ ಕಲಿತದ್ದು. ಮದುಮಗನ ತಲೆಯಿಂದ ಪೆಂಡಾಲಿನ ಕಂಬ ಹೊರಟರೆ, ಮದುಮಗಳ ಭುಜದ ಹಿಂದೆ ಯಾರೋ ಆಕಳಿಸುತ್ತಾ ಕೂತಿದ್ದರೆ ಆ ಫೋಟೋ ಕೆಟ್ಟಿತು. ಬೇಡದ್ದನ್ನು ಸರಿಸು, ಇಲ್ಲವೇ ನೀನು ಸರಿ. ಹಿಂದಿನದೆಲ್ಲ ಮಸುಕಾಗಿ ಕರಗಿದಷ್ಟೂ ಮುಂದಿನದು ಎದ್ದು ಕಾಣುತ್ತದೆ.

ನನಗೆ ಕೆಲಸ ಕಲಿಸಿದ ಸ್ಟುಡಿಯೋ ಯಜಮಾನರು ಈಗಿಲ್ಲ. ಅವರು ಐದನೆಯದೊಂದನ್ನು ಹೇಳುತ್ತಿದ್ದರು. ಬಟನ್ ಒತ್ತುವ ಮೊದಲು ಚೌಕದ ನಾಲ್ಕು ಮೂಲೆಯನ್ನೂ ಒಂದು ಸುತ್ತು ನೋಡು. ಮನೆಗೆ ಬೀಗ ಹಾಕುವ ಮುಂಚೆ ಒಲೆ, ನಲ್ಲಿ, ದೀಪ, ಹಿತ್ತಿಲ ಬಾಗಿಲು ನೋಡುವುದಿಲ್ಲವೇ, ಹಾಗೆ. ನಡುವೆ ಇರುವುದು ಎಲ್ಲಿಗೂ ಓಡಿಹೋಗುವುದಿಲ್ಲ, ಮೂಲೆಯಲ್ಲಿ ಏನಿದೆ ನೋಡು ಎನ್ನುತ್ತಿದ್ದರು. ಮೂವತ್ತು ವರ್ಷ ಆ ಮಾತನ್ನು ಪಾಲಿಸಿದ್ದೇನೆ. ಮೂಲೆಯಲ್ಲಿ ಬೇಡದ್ದು ಕಂಡರೆ ಕ್ಯಾಮೆರಾದಿಂದ ಕಣ್ಣು ತೆಗೆಯದೆ, ಎಡಗೈಯನ್ನು ಗಾಳಿಯಲ್ಲಿ ಆಡಿಸಿ 'ಸ್ವಲ್ಪ ಅತ್ಲಾಗೆ, ಇನ್ನೂ ಸ್ವಲ್ಪ' ಎಂದು ಜನರನ್ನು ಸರಿಸುವುದು ನನಗೆ ರಕ್ತಗತವಾಗಿದೆ.

ಹಾಗೆ ಸರಿಸಬೇಕಾದ ಅಗತ್ಯವೇ ಇಲ್ಲದವಳು ಅಕ್ಕ. ಭಾವ ತೀರಿಕೊಂಡ ಮೇಲೆ ಯಾವ ಮದುವೆಮನೆಯಲ್ಲೂ ಅವಳು ಕ್ಯಾಮೆರಾದ ಮುಂದೆ ನಿಂತವಳಲ್ಲ. ಅಡುಗೆ ಮನೆಯಲ್ಲಿ ಬೆಳಗಿನ ಜಾವದಿಂದ ದುಡಿಯುತ್ತಾಳೆ, ಧಾರೆಯ ಹೊತ್ತಿಗೆ ಕಂಬದ ಮರೆಗೆ ಹೋಗುತ್ತಾಳೆ. 'ಎಲ್ಲರೂ ಬನ್ನಿ, ಮನೆಯವರ ಗ್ರೂಪ್ ಫೋಟೋ' ಎಂದು ನಾನು ಕೂಗಿದಾಗ ತಾನಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಇಡುತ್ತಾಳೆ. ಗಂಡ ಸತ್ತವಳು ಮಂಗಳಕಾರ್ಯದ ಫೋಟೋದಲ್ಲಿ ಇರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ನಾನೂ 'ಬಾ ಅಕ್ಕ' ಎಂದು ಒಮ್ಮೆಯೂ ಕರೆದಿಲ್ಲ. ನನ್ನ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಕೂಡ ಅವಳಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯದೆ ಮುಂದಿನದು ತಿಳಿಯುವುದಿಲ್ಲ.

ಅಕ್ಕನ ಊರು ಹೊಳೆಯ ದಂಡೆಯಲ್ಲೇ ಇದೆ. ಹಳ್ಳಿಮೈಸೂರಿನ ಬಸ್ಸು ಹತ್ತಿ ನಡುವೆ ಇಳಿದು ಗದ್ದೆಬಯಲು ದಾಟಬೇಕು. ಬೇಸಿಗೆಯಲ್ಲಿ ಅಲ್ಲಿ ಹೊಳೆ ಬತ್ತಿ, ಮರಳು ದಿಬ್ಬ, ಬಂಡೆಗಳು ಮೇಲೆದ್ದು, ನಡುನಡುವೆ ಪಾದ ಮುಳುಗುವಷ್ಟು ನೀರು ಹರಿಯುತ್ತದೆ. ಆ ಬಂಡೆಗಳ ಮೇಲೆ ರೀವ ಎಂಬ ಹಕ್ಕಿ ಮೊಟ್ಟೆ ಇಡುತ್ತದೆ. ದೂರಕ್ಕೆ ಬಿಳಿಯೆನಿಸುವ ಬೂದು ಮೈ, ಕಪ್ಪು ಟೋಪಿ, ಹಳದಿ ಕೊಕ್ಕು. ಗೂಡು ಕಟ್ಟುವುದಿಲ್ಲ, ಬರಿಗಲ್ಲಿನ ಮೇಲೇ ಸಂಸಾರ. 'ಬಿಳೀ ಪಕ್ಸಿ ಮರಿ ಮಾಡ್ಯದೆ' ಎಂದು ಅಕ್ಕನೇ ಫೋನು ಮಾಡಿದ್ದಳು. ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೋದೆ.

"ಅಲ್ಲಾ ಕಣ್ಲಾ, ಮದ್ವೆ ಫೋಟ ತಗದ್ರೆ ಊಟನಾದ್ರೂ ಇಕ್ತಾರೆ. ಈ ಪಕ್ಸಿ ಏನ್ ಕೊಟ್ಟಾತು ನಿಂಗೆ?" ಎಂದು ನಗುತ್ತಲೇ ಟೀ ಕೊಟ್ಟಳು. ನಾನೊಬ್ಬನೇ ಹೋಗಿಬರುತ್ತೇನೆ ಎಂದೆ. "ನೀನೊಬ್ನೇ ಓದ್ರೆ ಕಪ್ಪೆ ಕಂಡು ಓಡ್ಬತ್ತೀಯ. ನಡಿ, ನಾನೂ ಬತ್ತೀನಿ. ಒನಗೊನ್ನೆ ಸೊಪ್ಪು ಕುಯ್ದಂಗೂ ಆಯ್ತದೆ."

"ಅಲ್ಲಿ ಮಾತಾಡಂಗಿಲ್ಲ ಅಕ್ಕ, ಎದ್ದು ಓಡಾಡಂಗಿಲ್ಲ. ಗದ್ಲಕ್ಕೆ ತಾಯಿ ಎದ್ದೋದ್ರೆ ಮರಿ ಬಿಸ್ಲಿಗೆ ಬೆಂದೋಯ್ತದೆ."

"ಪ್ರಾಣ ಓದ್ರೂ ಉಸ್ರು ಬುಡಾಕಿಲ್ಲ. ಸಾಕಾ?"

ತಲೆಯ ಮೇಲೆ ಬಿಸಿಲಿಗೆಂದು ಒಂದು ಕೆಂಪು ಟವೆಲ್ ಹಾಕಿಕೊಂಡಳು. ಮಂಡಿನೋವು ಇದ್ದದ್ದರಿಂದ ನಿಧಾನ ನಡೆದಳು. ಗದ್ದೆ ಬದುವಿನಲ್ಲಿ ನಾನು ಹಾವಿಗೆ ಹೆದರಿ ಅವಳ ಹಿಂದೆ ಹಿಂದೆ ಹೋದೆ.

ಮರಳಿನ ಅಂಚಿನಲ್ಲಿ, ನೀರಿಗೆ ಒಂದು ಮಾರು ಹಿಂದೆ, ಚಾಪೆ ಹಾಸಿ ಬೋರಲು ಮಲಗಿದೆ. ಕ್ಯಾಮೆರಾದ ಮೂರುಗಾಲಿನ ಸ್ಟ್ಯಾಂಡನ್ನು ನೆಲಮಟ್ಟಕ್ಕೆ ಇಳಿಸಿದೆ. ಎದುರಿಗೆ ಸುಮಾರು ಇಪ್ಪತ್ತು ಮಾರು ದೂರದ ಬಂಡೆಯ ಮೇಲೆ ತಾಯಿ ಹಕ್ಕಿ, ಅದರ ರೆಕ್ಕೆಯ ಕೆಳಗೆ ಕಲ್ಲಿನ ಬಣ್ಣದ್ದೇ ಒಂದು ಮರಿ. ಗೂಡಿನ ಹತ್ತಿರ ಹೋಗಬಾರದು ಎಂಬುದೂ ಒಂದು ನಿಯಮ. ಇಪ್ಪತ್ತು ಮಾರು ದೂರವೇ ಅಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫೋನನ್ನು ಸದ್ದಿಲ್ಲದ ಹಾಗೆ ಮಾಡಿ ಬ್ಯಾಗಿನ ತಳಕ್ಕೆ ಹಾಕಿದೆ. ಸೂರ್ಯ ಬೆನ್ನ ಹಿಂದಿನಿಂದ ಏರುತ್ತಿದ್ದ. ಇಂಥ ಬೆಳಗು ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

ಅಕ್ಕ ಬಲಗಡೆ ನೀರಂಚಿನಲ್ಲಿ ಕೂತು ಸೊಪ್ಪು ಕುಯ್ಯುತ್ತಿದ್ದಳು. ಕಿಂಡಿಯ ಬಲಮೂಲೆಯಲ್ಲಿ ಅವಳ ಬೆನ್ನು ಬರುತ್ತಿತ್ತು. ಎಡಗೈ ಎತ್ತಿ ಗಾಳಿಯಲ್ಲಿ ಆಡಿಸಿದೆ. ಅತ್ಲಾಗೆ. ಅವಳು ಒಂದು ಮಾತೂ ಕೇಳದೆ ಎದ್ದು ಸರಿದು ಕೂತಳು. ಇನ್ನೂ ಬರುತ್ತಿದ್ದಳು. ಇನ್ನೂ ಸ್ವಲ್ಪ ಎಂದು ಮತ್ತೆ ಕೈ ಆಡಿಸಿದೆ. ಪಾದದಷ್ಟು ನೀರನ್ನು ದಾಟಿ, ಆಚೆ ನೀರಿನ ನಡುವೆ ಇದ್ದ ಒಂದು ತಗ್ಗಿನ ಹಾಸುಬಂಡೆಯ ಮೇಲೆ ಹೋಗಿ ಕೂತಳು. ಹಿನ್ನೆಲೆ ಸ್ವಚ್ಛವಾಯಿತು. ಹಕ್ಕಿ, ಬಂಡೆ, ಹಿಂದೆ ಮಸುಕಾದ ಬೆಳ್ಳಿಯ ಹಾಗೆ ನೀರು, ಅಷ್ಟೇ.

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ನೆನಪಿನಿಂದ ಹೇಳುವ ಹಾಗಿಲ್ಲ, ಯಾಕೆಂದರೆ ನಾನು ನೋಡಲಿಲ್ಲ. ಎಲ್ಲವೂ ಫೋಟೋಗಳಲ್ಲಿದೆ, ಗಂಟೆ ನಿಮಿಷ ಸಮೇತ. ಮೇಲಿನ ಅಣೆಕಟ್ಟಿನಿಂದ ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಹೊಳೆಗೆ ನೀರು ಬಿಟ್ಟಿದ್ದರು. ಯಾರೂ ಹೊಳೆಗೆ ಇಳಿಯಬೇಡಿ, ದನಕರು ಬಿಡಬೇಡಿ ಎಂದು ಬೆಳಿಗ್ಗೆಯೇ ಊರಿನವರ ವಾಟ್ಸಾಪ್ ಗುಂಪಿಗೆ ಬಂದಿತ್ತಂತೆ. ಅಕ್ಕನ ಮನೆಯಿಂದ ನನ್ನ ಫೋನಿಗೆ ನಾಲ್ಕು ಸಲ ಕರೆ ಬಂದಿತ್ತು. ಫೋನು ಬ್ಯಾಗಿನ ತಳದಲ್ಲಿ ನನ್ನ ನಿಯಮವನ್ನು ಪಾಲಿಸುತ್ತಾ ಬಿದ್ದಿತ್ತು.

ಮೊದಲು ನನ್ನ ಮೊಣಕೈ ಒದ್ದೆಯಾಯಿತು. ಬೆವರೆಂದುಕೊಂಡೆ. ಆಮೇಲೆ ಚಾಪೆಯ ತುದಿ ನೆನೆಯಿತು. ಆಗ ಏನು ಮಾಡಿದೆ ಗೊತ್ತೇ? ಬೋರಲು ಮಲಗಿದ ಹಾಗೆಯೇ, ಹಲ್ಲಿಯಂತೆ ತೆವಳಿ, ಚಾಪೆಯನ್ನೂ ಸ್ಟ್ಯಾಂಡನ್ನೂ ಒಂದು ಅಡಿ ಹಿಂದಕ್ಕೆ ಎಳೆದುಕೊಂಡು ಮತ್ತೆ ಕಿಂಡಿಗೆ ಕಣ್ಣಿಟ್ಟೆ. ನೀರು ಬಂದಿದೆ ಎಂದು ಮೈಗೆ ಗೊತ್ತಾಗಿದೆ, ತಲೆಗೆ ಗೊತ್ತಾಗಿಲ್ಲ. ಯಾಕೆಂದರೆ ಅಷ್ಟರಲ್ಲಿ ಗಂಡು ಹಕ್ಕಿ ಮೀನು ಕಚ್ಚಿಕೊಂಡು ಬಂದಿಳಿದಿತ್ತು. ಮರಿ ರೆಕ್ಕೆಯಡಿಯಿಂದ ಹೊರಗೆ ಬಂದು ಬಾಯಿ ತೆರೆದಿತ್ತು. ಎರಡು ವರ್ಷದಿಂದ ನಾನು ಕಾದದ್ದು ಆ ಒಂದು ಗಳಿಗೆಗೆ.

ಆಗಲೇ ಬಲಮೂಲೆಯಲ್ಲಿ ಕೆಂಪು ಕಾಣಿಸಿತು.

ಮಸುಕಾದ ಒಂದು ಕೆಂಪು, ಮೇಲೆ ಕೆಳಗೆ ಆಡುತ್ತಿತ್ತು. ಏನದೆಂದು ಕ್ಯಾಮೆರಾವನ್ನು ತುಸು ಬಲಕ್ಕೆ ತಿರುಗಿಸಿದೆ. ಅಕ್ಕ. ಉದ್ದನೆಯ ಲೆನ್ಸಿನಲ್ಲಿ ಸೊಂಟದಿಂದ ಮೇಲಷ್ಟೇ ಕಂಡಳು. ಎದ್ದು ನಿಂತು ಟವೆಲನ್ನು ಬೀಸುತ್ತಿದ್ದಳು. ಸೆಕೆಗೆ ಗಾಳಿ ಹಾಕಿಕೊಳ್ಳುತ್ತಿದ್ದಾಳೆ, ಒಂದು ಗಂಟೆ ಸುಮ್ಮನೆ ಕೂರಲಾಗುವುದಿಲ್ಲ ಇವಳಿಗೆ ಎಂದು ನನಗೆ ರೇಗಿತು. ಹೌದು, ರೇಗಿತು. ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿ, ಕೆಂಪು ಕಾಣದ ಹಾಗೆ ಮೂಲೆಯನ್ನು ಸರಿಮಾಡಿಕೊಂಡು, ಹಕ್ಕಿಯನ್ನು ಹಿಡಿದೆ. ನಾಲ್ಕು ಮೂಲೆ ನೋಡಿದೆ. ಸ್ವಚ್ಛವಾಗಿತ್ತು. ಒತ್ತುತ್ತಲೇ ಹೋದೆ.

ಕಿಂಡಿಯಿಂದ ನನ್ನ ಕಣ್ಣು ತೆಗೆಸಿದ್ದು ಹಕ್ಕಿ. ಅದು ಕಿರುಚಿ ಮೇಲೆದ್ದಿತು. ಎದ್ದದ್ದು ಮತ್ತೆ ಕೂರಲಿಲ್ಲ, ಅಲ್ಲೇ ಸುತ್ತಿ ಸುತ್ತಿ ಕಿರುಚತೊಡಗಿತು. ತಲೆ ಎತ್ತಿದೆ. ನಾನು ಬಂದಾಗ ಇದ್ದ ಹೊಳೆ ಅಲ್ಲಿರಲಿಲ್ಲ. ಬಂಡೆಗಳು ಅರ್ಧಕ್ಕರ್ಧ ಮುಳುಗಿದ್ದವು. ಮಣ್ಣಿನ ಬಣ್ಣದ ನೀರು ಸದ್ದಿಲ್ಲದೆ, ಅಗಲಕ್ಕೆ, ಒಂದೇ ಸಮನೆ ಹರಿಯುತ್ತಿತ್ತು. ಬಲಗಡೆ ನೋಡಿದೆ. ಹಾಸುಬಂಡೆ ಕಾಣಲಿಲ್ಲ. ನೀರಿನ ನಡುವೆ, ತೊಡೆಯವರೆಗೆ ಮುಳುಗಿ, ಅಕ್ಕ ನಿಂತಿದ್ದಳು. ಬಾಯಿ ಮುಚ್ಚಿತ್ತು. ಟವೆಲ್ ಈಗಲೂ ಕೈಯಲ್ಲಿತ್ತು, ಬೀಸುತ್ತಿರಲಿಲ್ಲ.

ಅವಳಿಗೂ ನನಗೂ ನಡುವೆ ಹತ್ತು ಹನ್ನೆರಡು ಮಾರು ನೀರು. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ಟ್ಯಾಂಡನ್ನು ಊರುಗೋಲು ಮಾಡಿಕೊಳ್ಳಬೇಕೆಂದು ಹೊಳೆಯಿತು. ಹೊಳೆದ ಮೇಲೆ ನಾನು ಮಾಡಿದ ಮೊದಲ ಕೆಲಸ, ಅದರ ಮೇಲಿದ್ದ ಕ್ಯಾಮೆರಾದ ತಿರುಪನ್ನು ಬಿಚ್ಚಿ, ಕ್ಯಾಮೆರಾವನ್ನು ಒಣಗಿದ ಜಾಗದಲ್ಲಿ ಬ್ಯಾಗಿನ ಮೇಲೆ ಮೆತ್ತಗೆ ಇಟ್ಟದ್ದು. ಮೆತ್ತಗೆ. ಈ ಕೈಗಳಿಂದಲೇ. ಅಷ್ಟು ಹೊತ್ತು ನೀರು ಏರುತ್ತಲೇ ಇತ್ತು.

ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಎಳೆದು ಇಳಿದೆ. ಮೊಣಕಾಲಿಗೆ ಬಂದಾಗ ನಿಂತುಬಿಟ್ಟೆ. ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಅದೇ ಮಟ್ಟಕ್ಕೆ, ತಾನಾಗಿಯೇ. ಮುಂದಿನ ಹೆಜ್ಜೆ ಎತ್ತಿದೆನೋ ಇಲ್ಲವೋ, ನೀರು ಆ ಕಾಲನ್ನು ಕಿತ್ತುಕೊಂಡಿತು.

ಆಗ ಅವಳು ಬಾಯಿಬಿಟ್ಟಳು.

"ಲೋ, ಕಾಲ್ ಎತ್ಬ್ಯಾಡ! ಸವರ್ಕೊಂಡ್ ಬಾ! ನೆಲ ಸವರ್ಕೊಂಡ್!"

ಸವರಿಕೊಂಡು ಹೋದೆ. ನೀರು ತೊಡೆಗೆ, ಸೊಂಟಕ್ಕೆ ಬಂತು. ಕಣ್ಣೆದುರಿಗೆ ನೀರು ಓಡುತ್ತಿದ್ದರೆ ನಿಂತ ನಾನೇ ಓಡುತ್ತಿರುವಂತೆ ತಲೆ ತಿರುಗಿತು. ಸತ್ತೆ ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಳಿಗೆಯಲ್ಲಿ ಹಿಂದಿರುಗಿ ಹೋಗಿಬಿಡೋಣವೇ ಎಂದೂ ಅನ್ನಿಸಿತು.

"ನೀರ್ ನೋಡ್ಬ್ಯಾಡ ಕಣ್ಲಾ. ನನ್ ಮೊಕ ನೋಡು. ಇಲ್ಲಿ, ನನ್ ಮೊಕ."

ಅವಳ ಮುಖ ನೋಡಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ಆ ಮುಖದಲ್ಲಿ ಭಯ ಕಂಡೆ. ತುಟಿ ಬಿಳಿಚಿತ್ತು, ಗದ್ದ ಅದುರುತ್ತಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು, ನನಗೋಸ್ಕರ. ಸ್ಟ್ಯಾಂಡನ್ನು ಚಾಚಿದೆ. ಅದರ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಬಂಡೆಯಿಂದ ಇಳಿದಳು. ಮಂಡಿ ಮಡಿಸಲಾರದೆ ಇಳಿದಳು. ಎರಡು ಸಲ ನಾನು ಜಾರಿದೆ, ಎರಡು ಸಲವೂ ಅವಳು ನನ್ನ ಶರ್ಟು ಹಿಡಿದು ನಿಲ್ಲಿಸಿದಳು. ಮರಳು ಸಿಕ್ಕಾಗ ಇಬ್ಬರೂ ಅಲ್ಲೇ ಕುಸಿದು ಕೂತೆವು. ಕುಯ್ದ ಸೊಪ್ಪು ಹೊಳೆಯ ಪಾಲಾಗಿತ್ತು.

ನಾನು ಮಗುವಿನ ಹಾಗೆ ಅಳುತ್ತಿದ್ದೆ. ಅವಳು ಟವೆಲ್ ಹಿಂಡಿ ನನ್ನ ಮುಖ ಒರೆಸಿದಳು.

"ಅಳ್ಬ್ಯಾಡ ಬುಡ್ಲಾ. ಕ್ಯಾಮ್ರದಾಗೆ ನೋಡೋರ್ಗೆ ಪಕ್ಕದ್ದು ಕಾಣಾಕಿಲ್ಲ. ನಿಂಗ್ ನಾನು ಕಾಣ್ನಿಲ್ಲ, ಅಷ್ಟೇಯ."

"ಹೂಂ ಅಕ್ಕ" ಅಂದೆ. "ಕಾಣ್ನಿಲ್ಲ."

"ಕೂಗಾನ ಅಂದ್ಕಂಡೆ. ಕೂಗಿದ್ರೆ ಪಕ್ಸಿ ಎದ್ದೋಯ್ತದೆ ಅಂದಿದ್ಯಲ್ಲ. ಅದ್ಕೇಯ ಬಟ್ಟೆ ಬೀಸ್ದೆ."

ಆಮೇಲೆ ಅವಳು ಹೊಳೆಯ ಕಡೆ ನೋಡಿದಳು. ಹಕ್ಕಿಯ ಬಂಡೆ ಇದ್ದ ಜಾಗದಲ್ಲಿ ನೀರು ಸಣ್ಣಗೆ ಸುಳಿಯುತ್ತಿತ್ತು. ಎರಡೂ ರೀವಗಳು ಅದರ ಮೇಲೆ ಸುತ್ತುತ್ತಿದ್ದವು. ಮರಿ ಎಲ್ಲೂ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಮೂರು ದಿನ ಕ್ಯಾಮೆರಾ ಮುಟ್ಟಲಿಲ್ಲ. ನಾಲ್ಕನೆಯ ದಿನ ಸ್ಟುಡಿಯೋದ ಬಾಗಿಲು ಹಾಕಿಕೊಂಡು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದಾಗಿ ನೋಡಿದೆ. ಹಕ್ಕಿಯ ಹಿಂದೆ, ಮಸುಕಿನಲ್ಲಿ, ರುಬ್ಬುಗುಂಡಿನಂಥ ಒಂದು ಕಲ್ಲಿತ್ತು. ಮೊದಲ ಫೋಟೋದಲ್ಲಿ ಪೂರ್ತಿ ಇತ್ತು. ಹೋಗುತ್ತಾ ಹೋಗುತ್ತಾ ಗಿಡ್ಡವಾಯಿತು. ಕೊನೆಗೆ ಬೋಳುತಲೆಯಷ್ಟು ಉಳಿದು ಆಮೇಲೆ ಇಲ್ಲವಾಯಿತು. ನೀರು ಏರುವುದನ್ನು ಅಷ್ಟು ಚೆನ್ನಾಗಿ, ಅಷ್ಟು ಸಹನೆಯಿಂದ ಇನ್ನಾರೂ ದಾಖಲು ಮಾಡಿರಲಾರರು. ನಾನು ಹಿನ್ನೆಲೆ ಚೆಂದ ಕರಗಿದೆ ಎಂದು ಹಿಗ್ಗಿದ್ದೆ.

ಎರಡು ಫೋಟೋಗಳ ಬಲಮೂಲೆಯಲ್ಲಿ ಕೆಂಪಿತ್ತು. ಮೂರನೆಯದರಲ್ಲಿ ಇರಲಿಲ್ಲ. ಆ ಮೂರನೆಯದಕ್ಕೂ ಕಟ್ಟಕಡೆಯ ಫೋಟೋಕ್ಕೂ ನಡುವೆ ಹನ್ನೊಂದು ನಿಮಿಷ. ಅವಳನ್ನು ನೋಡಿ, ಮುಖ ತಿರುಗಿಸಿದ ಮೇಲೆ, ಹನ್ನೊಂದು ನಿಮಿಷ ನಾನು ಹಕ್ಕಿಯ ಫೋಟೋ ತೆಗೆಯುತ್ತಿದ್ದೆ. ಅಷ್ಟು ಹೊತ್ತೂ ಅವಳು ಬಾಯಿ ಮುಚ್ಚಿಕೊಂಡು ನೀರಿನಲ್ಲಿ ನಿಂತಿದ್ದಳು.

ಅಂದಿನಿಂದ ನನ್ನ ಹೆದರಿಕೆ ಜಾಗ ಬದಲಿಸಿದೆ. ಮೊದಲು ಕಿಂಡಿಗೆ ಕಣ್ಣಿಟ್ಟರೆ ಭಯ ಹೋಗುತ್ತಿತ್ತು, ಈಗ ಅಲ್ಲಿಂದಲೇ ಶುರುವಾಗುತ್ತದೆ. ಮದುವೆಮನೆಯಲ್ಲಿ ತಾಳಿ ಕಟ್ಟುವ ಹೊತ್ತಿನಲ್ಲೂ ಎರಡು ಫೋಟೋಕ್ಕೊಮ್ಮೆ ತಲೆ ಎತ್ತಿ ಸುತ್ತ ನೋಡುತ್ತೇನೆ, ಯಾರೋ ಎಲ್ಲೋ ಮೂಲೆಯಲ್ಲಿ ಮುಳುಗುತ್ತಿರುವಂತೆ. ಜನ ನಗುತ್ತಾರೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅಕ್ಕ ಎಂದಾದರೊಂದು ದಿನ ಆ ಫೋಟೋಗಳನ್ನು ಸಾಲಾಗಿ ನೋಡಿಬಿಟ್ಟರೆ? ಕಾಣಲಿಲ್ಲ ಅಂದೆನಲ್ಲ. ಬಾಯಾರೆ ಅಂದೆನಲ್ಲ. ಅಳಿಸಿಹಾಕೋಣವೆಂದು ಎಷ್ಟೋ ಸಲ ಕೂತೆ. ಬೆರಳು ಬರಲಿಲ್ಲ.

ಹಾಸನದಲ್ಲಿ ಒಂದು ಪ್ರದರ್ಶನಕ್ಕೆಂದು ಕೆಂಪಿದ್ದ ಫೋಟೋವನ್ನೇ ಕೊಟ್ಟೆ. ಗಂಡು ಹಕ್ಕಿ, ಮೀನು, ಮರಿಯ ತೆರೆದ ಬಾಯಿ, ಎಲ್ಲವೂ ಇದ್ದವು. ತಿಳಿದವರೊಬ್ಬರು ಬಂದು, ಬಲಮೂಲೆಯಲ್ಲಿ ಏನೋ ಕೆಂಪು ಕಣ್ಣಿಗೆ ಹೊಡೆಯುತ್ತದೆ, ಕತ್ತರಿಸಿಬಿಡಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. ಆಗಲಿ ಅಂದೆ. ಕತ್ತರಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಸ್ಟುಡಿಯೋಗೆ ಬಂದಳು. ತಾಲೂಕು ಕಚೇರಿಯಲ್ಲಿ ಯಾವುದೋ ಅರ್ಜಿಗೆ ಅವಳ ಫೋಟೋ ಬೇಕಿತ್ತು. ಗೋಡೆಯ ಮೇಲೆ ಆ ಪ್ರದರ್ಶನದ ಫೋಟೋ ತೂಗುಹಾಕಿದ್ದೆ. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದಳು. ಬೆರಳಿನಿಂದ ಮೂಲೆಯನ್ನು ಮುಟ್ಟಿದಳು.

"ಇದ್ ನಾ ಅಲ್ವೇನ್ಲಾ?"

ಹೂಂ ಅಂದೆ. ಆವತ್ತಿನದೆಲ್ಲ ತೋರಿಸು ಅಂದಳು. ತೋರಿಸುವುದಿಲ್ಲ ಎನ್ನಲು ಯಾವ ಬಾಯಿ? ಕಂಪ್ಯೂಟರಿನ ಮುಂದೆ ಕೂರಿಸಿ ಒಂದೊಂದೇ ಸರಿಸಿದೆ. ಕೆಂಪು ಬಂತು. ಮತ್ತೆ ಕೆಂಪು. ಮುಂದಿನದರಲ್ಲಿ ಇರಲಿಲ್ಲ. ನನ್ನ ಕೈ ಅಲ್ಲೇ ನಿಂತಿತು. ಈ ಗಳಿಗೆಗೆ ನಾನು ಹೊಳೆಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದ್ದೆ.

"ಅಕ್ಕ, ಆವತ್ತು ನಾನು..." ಎಂದು ಶುರುಮಾಡಿದೆ.

"ಗೊತ್ತು ಕಣ್ಲಾ" ಅಂದಳು. ಕಣ್ಣು ಪರದೆಯ ಮೇಲೇ ಇತ್ತು. "ಆ ಕ್ಯಾಮ್ರದ ಮೂತಿ ನನ್ ಕಡೀಕೆ ತಿರುಗ್ತು. ಸೀದಾ ನನ್ನೇ ನೋಡ್ತು. ಆಮ್ಯಾಕೆ ಅತ್ಲಾಗೆ ತಿರಿಕ್ಕಂತು. ನಾನ್ ನೋಡ್ತಾನೇ ನಿಂತಿದ್ನಲ್ಲ."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಮಾಡುತ್ತಾ ಹೋಯಿತು. ನಾನು ನೆಲ ನೋಡುತ್ತಾ ಕೇಳಿದೆ, ಮತ್ತೆ ಆವತ್ತೇ ಯಾಕೆ ಬೈಯಲಿಲ್ಲ, ಕಾಣಲಿಲ್ಲ ಎಂದು ನೀನೇ ಯಾಕೆ ಅಂದೆ ಎಂದು.

"ಬೈದ್ರೆ ನಿನ್ ಎದೆ ಒಡ್ದೋಗದು. ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ."

ಇಷ್ಟು ತಿಂಗಳು ಕಾದಿದ್ದಳು. ನಾನೋ, ಕಾಯುವುದನ್ನು ಊರಿಗೆಲ್ಲ ಕಲಿಸುವವನು. ತಪ್ಪಾಯ್ತು ಅಕ್ಕ, ನೋಡಿದೆ, ನೋಡಿಯೇ ತಿರುಗಿಸಿದೆ ಎಂದು ಹೇಳಿದೆ. ಅವಳು ಹೂಂ ಎಂದಳು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಅರ್ಜಿ ಕೊಡಾಕೆ ಒತ್ತಾಯ್ತದೆ. ತಗಿ ಫೋಟವ" ಅಂದು ಎದ್ದಳು.

ಬಿಳಿ ಬಟ್ಟೆಯ ಮುಂದಿನ ಸ್ಟೂಲಿನ ಮೇಲೆ ಕೂತಳು. ಕಿಂಡಿಗೆ ಕಣ್ಣಿಟ್ಟರೆ ಅವಳು ನಡುವಿನಲ್ಲಿರಲಿಲ್ಲ. ರೂಢಿಯ ಬಲದಿಂದ ಸ್ಟೂಲಿನ ಬಲತುದಿಗೆ ಸರಿದು ಕೂತಿದ್ದಳು, ಅರ್ಧ ಮುಖ ಮಾತ್ರ ಚೌಕದೊಳಗೆ ಬರುತ್ತಿತ್ತು. ನಡುವಿಗೆ ಬಾ ಅಕ್ಕ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬಂದಳು. ಬಟನ್ ಒತ್ತಿದೆ. ಫೋಟೋದಲ್ಲಿ ಅವಳ ಮುಖವೆಲ್ಲ ಅಲುಗಿ ಮಸುಕಾಗಿತ್ತು. ಮೂವತ್ತು ವರ್ಷದಲ್ಲಿ ಒಂದು ಪಾಸ್‌ಪೋರ್ಟ್ ಫೋಟೋವನ್ನೂ ಕೆಡಿಸಿದವನಲ್ಲ ನಾನು. ಅವಳಿಗೆ ತೋರಿಸಿದೆ.

"ಇನ್ನೊಂದ್ ತಗಿ" ಎಂದಳು, ನೆಟ್ಟಗೆ ಕೂತು. "ನಿದಾನ್ಕೆ ತಗಿ. ಈಗ ನಾನು ಎಲ್ಗೂ ಸರ್ಯಾಕಿಲ್ಲ."